ಮನ್ರೋ ಸಾಕ್ಷಿ, ಸೋದರಳಿಯನ ಸಾಕ್ಷಿ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್ ಸುತ್ತಿನ ದಂಡು ಪ್ರದೇಶದಲ್ಲಿ ರಾಘವೇಂದ್ರ ಸ್ವಾಮಿಗಳ ಚರಿತ್ರೆ ಎರಡು ದಾರಿಯಲ್ಲಿ ಮನೆ ಸೇರಿದೆ. ಕನ್ನಡದವರಿಗೆ 1966ರ ‘ಮಂತ್ರಾಲಯ ಮಹಾತ್ಮೆ’ಯ ರಾಜ್‌ಕುಮಾರ್, ಶಿವಾಜಿನಗರ, ಹಲಸೂರಿನ ತಮಿಳರಿಗೆ 1985ರ ‘ಶ್ರೀ ರಾಘವೇಂದ್ರರ್’ನ ರಜನೀಕಾಂತ್. ಸಿನಿಮಾದ ಮೇಲೆ ನನಗೆ ತಕರಾರಿಲ್ಲ. ತಾನು ದಾಖಲೆ ಎಂದು ಅದು ಹೇಳಿಕೊಳ್ಳುವುದಿಲ್ಲ. ತಕರಾರಿರುವುದು, ರಾಯರ ಮಾತು ಬಂದಾಗಲೆಲ್ಲ ಕೇಳಿಬರುವ ‘ಸರ್ಕಾರಿ ಗೆಜೆಟ್‌ನಲ್ಲೇ ಇದೆ’ ಎಂಬ ವಾದದ ಬಗ್ಗೆ.

ಕಥೆ ಎಲ್ಲರಿಗೂ ಗೊತ್ತು. ಮಠದ ಇನಾಂ ಭೂಮಿಯನ್ನು ಕಂಪನಿ ಸರ್ಕಾರ ಹಿಂದಕ್ಕೆ ತೆಗೆದುಕೊಳ್ಳಲು ಹೊರಟಾಗ ಥಾಮಸ್ ಮನ್ರೋ ವಿಚಾರಣೆಗೆ ಮಂಚಾಲೆಗೆ, ಅಂದರೆ ಇಂದಿನ ಮಂತ್ರಾಲಯಕ್ಕೆ, ಬರುತ್ತಾನೆ. ರಾಯರು ಬೃಂದಾವನದಿಂದ ಹೊರಬಂದು ಅವನೊಡನೆ ಮಾತಾಡುತ್ತಾರೆ. ಜೊತೆಗಿದ್ದವರಿಗೆ ಏನೂ ಕಾಣುವುದಿಲ್ಲ, ಕೇಳಿಸುವುದಿಲ್ಲ. ಇನಾಂ ಉಳಿಯುತ್ತದೆ. ಈ ಕಥೆ ಅಚ್ಚಾಗಿರುವುದು ಸರ್ಕಾರದ ಆದೇಶ ಹೊರಡಿಸುವ ಗೆಜೆಟ್‌ನಲ್ಲಲ್ಲ, ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ಬರೆದ ಬಳ್ಳಾರಿ ಜಿಲ್ಲೆಯ ಗೆಜೆಟಿಯರಿನಲ್ಲಿ. ಮನ್ರೋ ಈ ಸೀಮೆಯ ಕಲೆಕ್ಟರ್ ಆಗಿದ್ದದ್ದು 1800ರಿಂದ 1807ರವರೆಗೆ. ನಡುವೆ ಹೆಚ್ಚುಕಡಿಮೆ ನೂರು ವರ್ಷದ ಅಂತರವಿದೆ. ಅದಕ್ಕಿಂತ ಮುಖ್ಯವಾದದ್ದು ಫ್ರಾನ್ಸಿಸ್ ಅದನ್ನು ಬರೆದ ರೀತಿ. ಊರವರು ಹೀಗೆ ಹೇಳಿಕೊಳ್ಳುತ್ತಾರೆ, ಮನ್ರೋನ ನೆನಪನ್ನು ಈ ಜನ ಎಷ್ಟು ಗೌರವದಿಂದ ಇಟ್ಟುಕೊಂಡಿದ್ದಾರೆ ನೋಡಿ ಎಂಬ ಧಾಟಿ ಅವನದು. ಅವನ ಕುತೂಹಲ ಮನ್ರೋ ಕುರಿತದ್ದು. ನಾವು ಅದನ್ನು ರಾಯರ ಪರವಾದ ಪ್ರಮಾಣಪತ್ರ ಮಾಡಿಕೊಂಡೆವು. 1904ರ ಹೊತ್ತಿಗೆ ಈ ನಂಬಿಕೆ ಬಲವಾಗಿತ್ತು ಎಂಬುದಕ್ಕೆ ಆ ಪುಟ ಒಳ್ಳೆಯ ಆಧಾರ. ಅದರಿಂದಾಚೆಗೆ ಅದರ ಮೇಲೆ ಭಾರ ಹಾಕಬಾರದು. ಇನಾಂ ಉಳಿದದ್ದು ಹೇಗೆಂದು ತಿಳಿಯಬೇಕಾದವರು ಇನಾಮಿನ ಕಾಗದಪತ್ರಗಳನ್ನೇ ಹುಡುಕಬೇಕು.

ನನಗೆ ನೋವಾಗುವುದು ಇದರಲ್ಲಿ: ದೊರೆಯ ಸಾಕ್ಷಿಗೆ ಇಷ್ಟು ಹಂಬಲಿಸುವ ನಾವು ಮನೆಯೊಳಗಿನ ಸಾಕ್ಷಿಗಳನ್ನು ತೆರೆದೂ ನೋಡುವುದಿಲ್ಲ. ಗುರುಗಳ ಚರಿತ್ರೆ ಬರೆಯುವುದರಲ್ಲಿ ಮಾಧ್ವ ಪರಂಪರೆಗೆ ಗಟ್ಟಿಯಾದ ಅಭ್ಯಾಸವಿದೆ. ‘ಸುಮಧ್ವವಿಜಯ’ ಬರೆದ ನಾರಾಯಣ ಪಂಡಿತಾಚಾರ್ಯರು ಮಧ್ವರ ನೇರ ಶಿಷ್ಯ ತ್ರಿವಿಕ್ರಮ ಪಂಡಿತಾಚಾರ್ಯರ ಮಗ. ಕಾವ್ಯಕ್ಕಾಗಿ ಸಂಸ್ಕೃತಕ್ಕೆ ತಿರುಗಿಸಿದ ಊರು, ವ್ಯಕ್ತಿಗಳ ಹೆಸರುಗಳ ದೇಶಭಾಷೆಯ ರೂಪವನ್ನು ತಮ್ಮ ‘ಭಾವಪ್ರಕಾಶಿಕೆ’ಯಲ್ಲಿ ತಾವೇ ಕೊಟ್ಟರು. ಮುಂದಿನವರು ಹೋಗಿ ಪರೀಕ್ಷಿಸಲಿ ಎಂಬಂಥ ಧೈರ್ಯ ಅದು. ವ್ಯಾಸತೀರ್ಥರ ಕಾಲದವನೇ ಆದ ಸೋಮನಾಥನ ‘ವ್ಯಾಸಯೋಗಿಚರಿತ’ವನ್ನು ಬಿ. ವೆಂಕೋಬರಾವ್ 1926ರಲ್ಲಿ ಇದೇ ಬೆಂಗಳೂರಿನಿಂದ ಪ್ರಕಟಿಸಿದರು. ಅದರ ಪೀಠಿಕೆ ಕಾವ್ಯವನ್ನು ಇತಿಹಾಸದ ಪಕ್ಕದಲ್ಲಿಟ್ಟು ನೋಡುವ ಶ್ರಮ.

ರಾಯರ ವಿಷಯದಲ್ಲಿ ಆ ಸ್ಥಾನ ‘ರಾಘವೇಂದ್ರವಿಜಯ’ದ್ದು. ಕವಿ ನಾರಾಯಣಾಚಾರ್ಯರು ರಾಯರ ಅಕ್ಕನ ಮಗ. ಹತ್ತಿರದವನು ಎಂಬುದೇ ಇಲ್ಲಿ ಬಲವೂ ಹೌದು, ತೊಡಕೂ ಹೌದು. ಸೋದರಮಾವನನ್ನು ಹೊಗಳುವುದು ಅವರ ಉದ್ದೇಶ, ಸರಸ್ವತಿ ಕನಸಿನಲ್ಲಿ ಬಂದಳೆಂಬಂಥ ಭಾಗಗಳನ್ನು ಕಾವ್ಯವಾಗಿಯೇ ಓದಬೇಕು. ಆದರೆ ಹೊಗಳಿಕೆಗೆ ಉಪಯೋಗವಿಲ್ಲದ ಸಂಗತಿಗಳೂ ಅಲ್ಲಿವೆ. ಪೂರ್ವಾಶ್ರಮದ ವೆಂಕಟನಾಥರ ಸಂಸಾರ ಹೊಟ್ಟೆಗೆ ಬಟ್ಟೆಗೆ ಪಟ್ಟ ಪಾಡು, ಹೆಂಡತಿ ಮತ್ತು ಎಳೆಯ ಮಗನ ಕಾರಣಕ್ಕೆ ಅವರು ಸನ್ಯಾಸಕ್ಕೆ ಮೊದಲು ಒಪ್ಪದಿದ್ದದ್ದು. ಮಹಿಮೆ ಹೇಳಲು ಕೂತವನು ಇಂಥದ್ದನ್ನು ಕಟ್ಟುವ ಅಗತ್ಯವಿರಲಿಲ್ಲ. ನಾನು ಹೆಚ್ಚು ನಂಬುವುದು ಈ ಸಾಲುಗಳನ್ನೇ. ಕಾವ್ಯ ಬೃಂದಾವನ ಪ್ರವೇಶದವರೆಗೆ ಹೋಗುವುದೇ ಇಲ್ಲ ಎಂಬುದನ್ನೂ ಗಮನಿಸಬೇಕು. ಇಂದು ಎಲ್ಲರ ಬಾಯಲ್ಲಿರುವ ಅಂತ್ಯದ ಚಿತ್ರಕ್ಕೆ ಬೇರೆ ಆಧಾರ ಕೇಳಬೇಕಾಗುತ್ತದೆ. ಹುಟ್ಟಿದ ವರ್ಷವೂ ಬರೆದವರಿಂದ ಬರೆದವರಿಗೆ 1595, 1598, 1601 ಎಂದು ಬದಲಾಗುತ್ತದೆ. ಪುಟ್ಟ ಚರಿತ್ರೆ ಪುಸ್ತಕಗಳು ಇದರಲ್ಲೊಂದನ್ನು ಹಿಡಿದು ಸುಮ್ಮನೆ ಮುಂದೆ ಹೋಗುತ್ತವೆ.

ದಾಸರ ಹಾಡುಗಳನ್ನು ಬೇರೆ ಕಣ್ಣಿನಿಂದ ನೋಡಬೇಕು. ರಾಯರು 1671ರಲ್ಲಿ ಬೃಂದಾವನಸ್ಥರಾದರು. ವಿಜಯದಾಸರು ಹುಟ್ಟಿದ್ದು ಅದಾದ ಮೇಲೆ, ಮಾನ್ವಿಯ ಜಗನ್ನಾಥದಾಸರು ಇನ್ನೂ ಆಚೆಗೆ. ಅವರು ಕಂಡದ್ದು ಮಂತ್ರಾಲಯದ ಬೃಂದಾವನವನ್ನು, ಅದರ ಮುಂದೆ ಕೈಮುಗಿದು ನಿಂತವರನ್ನು. 18ನೇ ಶತಮಾನದ ಜನ ರಾಯರಲ್ಲಿ ಏನು ಬೇಡುತ್ತಿದ್ದರು ಎಂದು ತಿಳಿಯಲು ಆ ಹಾಡುಗಳಿಗಿಂತ ಒಳ್ಳೆಯ ಆಧಾರ ಸಿಗಲಾರದು. ಕುಂಭಕೋಣದಲ್ಲಿ ಸುಧೀಂದ್ರತೀರ್ಥರ ಮುಂದೆ ಕೂತು ಓದಿದ ಬಡ ವೆಂಕಟನಾಥರನ್ನು ಹುಡುಕುವವರು ಮಾತ್ರ ಸೋದರಳಿಯನ ಹತ್ತಿರಕ್ಕೇ ಹೋಗಬೇಕು.