ಶೇಂದ್ರಾ ದಾರಿಯ ವೇಗಮಿತಿ

ಕರ್ನಾಟಕದಿಂದ ಮಹಾರಾಷ್ಟ್ರದ ಶೇಂದ್ರಾ ಕೈಗಾರಿಕಾ ವಸಾಹತಿಗೆ ಸರಕು ಒಯ್ಯುವ ಲಾರಿಯ ವೇಗಮಿತಿ ದಾರಿಯುದ್ದಕ್ಕೂ ಬದಲಾಗುತ್ತಲೇ ಹೋಗುತ್ತದೆ. ಅಂಕೋಲಾದಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್‌ಗಳನ್ನು ಹಾದು ಛತ್ರಪತಿ ಸಂಭಾಜಿನಗರ ಮುಟ್ಟುತ್ತದೆ. ಶೇಂದ್ರಾಕ್ಕೆ ಹೋಗುವವರು ನಗರದಿಂದ ಜಾಲನಾ ರಸ್ತೆ ಹಿಡಿದು ಚಿಕಲಠಾಣಾ ದಾಟಬೇಕು. ಅರಬೈಲು ಘಾಟಿಯ ತಿರುವುಗಳಲ್ಲಿ ನಿಧಾನಿಸು ಎಂದರೆ ಯಾವ ಡ್ರೈವರೂ ಗೊಣಗುವುದಿಲ್ಲ. ಗೊಣಗಾಟ ಹುಟ್ಟುವುದು ನೆಟ್ಟಗಿನ, ಅಗಲವಾದ, ಖಾಲಿ ರಸ್ತೆಯಲ್ಲಿ ಮಿತಿ ಇದ್ದಕ್ಕಿದ್ದಂತೆ ಇಳಿದಾಗ.

ಈ ಇಳಿತದ ಮೂಲ ನಿಯಮದಲ್ಲೇ ಇದೆ. 2018ರ ಏಪ್ರಿಲ್ 6ರ ಕೇಂದ್ರ ಅಧಿಸೂಚನೆ ರಸ್ತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಎಕ್ಸ್‌ಪ್ರೆಸ್‌ವೇ, ನಡುವೆ ವಿಭಜಕವಿರುವ ಚತುಷ್ಪಥ, ಪುರಸಭೆ–ಪಾಲಿಕೆಗಳ ವ್ಯಾಪ್ತಿಯ ರಸ್ತೆ ಮತ್ತು ಉಳಿದವು. ಕಾರಿಗೆ ಕ್ರಮವಾಗಿ ಗಂಟೆಗೆ 120, 100, 70, 70 ಕಿ.ಮೀ. ಸರಕು ವಾಹನಕ್ಕೆ 80, 80, 60, 60. ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುವ ಈ ವಿಂಗಡಣೆಯ ದೋಷ ರಸ್ತೆಗಿಳಿದರೆ ಗೊತ್ತಾಗುತ್ತದೆ. ಚತುಷ್ಪಥವನ್ನು ಕಣ್ಣು ಗುರುತಿಸುತ್ತದೆ, ಪಾಲಿಕೆಯ ಗಡಿಯನ್ನು ಗುರುತಿಸಲಾರದು. ಜಾಲನಾ ರಸ್ತೆ ಚಿಕಲಠಾಣಾದಲ್ಲಿ ಪಾಲಿಕೆಯ ಒಳಗಿದೆ, ಶೇಂದ್ರಾದಲ್ಲಿ ಹೊರಗಿದೆ. ಡಾಂಬರಿಗೆ ಮಾತ್ರ ಈ ವ್ಯತ್ಯಾಸ ತಿಳಿಯದು. ಪಾಲಿಕೆಯೊಳಗೇ ವಿಭಜಕವಿರುವ ಚತುಷ್ಪಥ ಬಂದರೆ ಅದು ಎರಡನೆಯ ಬಗೆಯೋ ಮೂರನೆಯದೋ ಎಂಬುದು ಫಲಕವಿಲ್ಲದ ಕಡೆ ಡ್ರೈವರನ ಊಹೆಗೆ ಬಿಟ್ಟ ವಿಷಯ. ಲಾರಿಯವನಿಗೆ ಈ ಊಹೆಯ ಬೆಲೆ 20 ಕಿ.ಮೀ., ಕಾರಿನವನಿಗೆ 30.

ಇದರ ಮೇಲೆ ಸ್ಥಳೀಯ ಮಿತಿಗಳು. ಮೋಟಾರು ವಾಹನ ಕಾಯ್ದೆಯ 112ನೇ ಕಲಮು ಸಾರ್ವಜನಿಕ ಸುರಕ್ಷತೆಗಾಗಿ ಮಿತಿ ತಗ್ಗಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ ಫಲಕ ನಿಲ್ಲಿಸಬೇಕು. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆ ಬೇಡ. ಕಾಮಗಾರಿಯ ಅಗತ್ಯಕ್ಕೆ ತಕ್ಕ ರಿಯಾಯಿತಿಯೇ ಇದು. ಆದರೆ ಮಣ್ಣಿನ ರಾಶಿ ಎತ್ತಿಯಾದ ಮೇಲೂ ತಗಡಿನ ಮೇಲಿನ 30 ಅಲ್ಲೇ ಓರೆಯಾಗಿ ನಿಂತಿರುವುದು ದೇಶದ ಹೆದ್ದಾರಿಗಳಲ್ಲಿ ಹೊಸ ನೋಟವಲ್ಲ. ಅಂಥ ನಾಲ್ಕು ಸುಳ್ಳು ಫಲಕಗಳನ್ನು ನೋಡಿದವನು ಐದನೆಯದನ್ನು, ಅಂದರೆ ಶಾಲೆಯ ಮುಂದಿನ ನಿಜವಾದ 30ನ್ನು, ನಂಬದೇ ಹೋಗುತ್ತಾನೆ.

ಫಲಕ ಎಲ್ಲಿ ನಿಂತಿದೆ ಎಂಬುದೂ ಫಲಕದ ಮೇಲಿನ ಅಂಕಿಯಷ್ಟೇ ಮುಖ್ಯ. ಗಂಟೆಗೆ 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಫಲಕ ಕಂಡು ಕಾಲು ಬ್ರೇಕಿಗೆ ಹೋಗಲು ರಸ್ತೆ ವಿನ್ಯಾಸಕಾರರು ಹಿಡಿಯುವ ಸಮಯ ಎರಡೂವರೆ ಸೆಕೆಂಡು. ಅಷ್ಟರಲ್ಲಿ 55 ಮೀಟರ್ ಕಳೆಯಿತು. ಹೇರು ಜರುಗದಂತೆ ಪ್ರತಿ ಸೆಕೆಂಡಿನಲ್ಲೂ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನಷ್ಟು ಇಳಿಸುತ್ತ 40ಕ್ಕೆ ಬರಲು ಇನ್ನೂ 185 ಮೀಟರ್ ಬೇಕು. ಒಟ್ಟು 240 ಮೀಟರ್. ಅಷ್ಟು ಮುಂಚೆ ಯಾವ ಸೂಚನೆಯೂ ಇಲ್ಲದೆ, ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದಿನಿಂದ 40 ಇಣುಕಿದರೆ ಲಾರಿಯವನಿಗೆ ಉಳಿಯುವುದು ಎರಡೇ ದಾರಿ: ಬ್ರೇಕು ಒತ್ತಿ ಹಿಂದಿನವನಿಂದ ಗುದ್ದಿಸಿಕೊಳ್ಳುವುದು, ಇಲ್ಲವೇ ನಿಯಮ ಮುರಿಯುವುದು. ಹೆಚ್ಚಿನವರು ಎರಡನೆಯದನ್ನೇ ಆರಿಸುತ್ತಾರೆ, ಅದರಲ್ಲಿ ವಿವೇಕವೂ ಇದೆ. ಅತಿವೇಗಕ್ಕೆ ಕಾಯ್ದೆಯ 183ನೇ ಕಲಮಿನಲ್ಲಿ ಲಘು ವಾಹನಕ್ಕೆ 1,000ದಿಂದ 2,000, ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡವಿದೆ. ಕ್ಯಾಮೆರಾ ಕಾವಲಿರುವ ಜಾಗಕ್ಕೆ ಮೊದಲೇ ಎಚ್ಚರಿಕೆ ಫಲಕ ಇರಬೇಕೆಂದು 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 167ಎ ನಿಯಮ ಹೇಳುತ್ತದೆ. ಕ್ಯಾಮೆರಾಕ್ಕೆ ಸಿಕ್ಕ ಈ ಮುನ್ಸೂಚನೆಯ ಶಿಸ್ತು ಮಿತಿಯ ಇಳಿತಕ್ಕೂ ಸಿಗಬೇಕಿತ್ತು.

ಶೇಂದ್ರಾದ ಹತ್ತಿರದಲ್ಲೇ ಹಾಯುವ ಸಮೃದ್ಧಿ ಮಹಾಮಾರ್ಗ ಇದಕ್ಕೆ ತದ್ವಿರುದ್ಧ. ಮುಂಬೈ–ನಾಗಪುರದ ಈ 701 ಕಿ.ಮೀ. ದಾರಿಯ ಮೊದಲ ಭಾಗ 2022ರ ಡಿಸೆಂಬರ್ 11ರಂದು, ಕೊನೆಯ ಭಾಗ 2025ರ ಜೂನ್ 5ರಂದು ತೆರೆಯಿತು. ಬಯಲಿನಲ್ಲಿ ಕಾರಿಗೆ 120, ಘಾಟಿ ಮತ್ತು ಸುರಂಗದಲ್ಲಿ 100. ನಾಶಿಕ್ ಜಿಲ್ಲೆಯ ಇಗತಪುರಿಯ ಬಳಿ, ಸುಮಾರು 8 ಕಿ.ಮೀ. ಸುರಂಗದ ಬಾಯಲ್ಲಿ ಮಿತಿ ಇಳಿದಾಗ ಯಾರೂ ಕಾರಣ ಕೇಳುವುದಿಲ್ಲ, ಬೆಟ್ಟವೇ ಎದುರಿಗಿದೆ. ಹಾಗೆಂದು ಮಿತಿ ಪದೇ ಪದೇ ಬದಲಾಗದ ರಸ್ತೆಯೇ ಸುರಕ್ಷಿತ ಎನ್ನಲಾಗದು. ಇದೇ ಮಾರ್ಗದಲ್ಲಿ 2023ರ ಜುಲೈ 1ರಂದು ಸಿಂದಖೇಡ ರಾಜಾ ಬಳಿ ಬಸ್ಸು ಹೊತ್ತಿ ಉರಿದು 25 ಜನ ಸತ್ತರು. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸುವವನಿಗೆ ಜೊಂಪು ಹತ್ತುವ ಅಪಾಯ ಬೇರೆಯೇ ಇದೆ.

ಡ್ರೈವರರ ದೂರನ್ನು ಪೂರ್ತಿ ಒಪ್ಪುವಂತೆಯೂ ಇಲ್ಲ. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆ ರಸ್ತೆಯ ವಿಭಜಕದ ಸಂದಿಯಲ್ಲಿ ಸೈಕಲ್ಲು ಹಿಡಿದು ದಾಟಲು ಕಾಯುವವನಿಗೆ 80ರ ಲಾರಿ ಸಾವು, 40ರದ್ದು ಬದುಕಿನ ಅವಕಾಶ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ 30 ಕಿ.ಮೀ. ಮೀರಬಾರದೆಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. 2023ರ ಸೆಪ್ಟೆಂಬರ್ 17ರಂದು ವೇಲ್ಸ್ ತನ್ನ ಜನವಸತಿ ರಸ್ತೆಗಳ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿದಾಗ, ವಿರೋಧದ ಮನವಿಗೆ 4.6 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆದರೂ ಅಲ್ಲಿ ಒಂದು ಅನುಕೂಲವಿದೆ: ಒತ್ತಾಗಿ ನಿಂತ ಬೀದಿದೀಪದ ಕಂಬಗಳೇ ಅದು ಕಡಿಮೆ ವೇಗದ ರಸ್ತೆ ಎಂದು ಹೇಳುತ್ತವೆ. ಜಾಲನಾ ರಸ್ತೆಯಲ್ಲಿ ಆ ಕೆಲಸವೆಲ್ಲ ತಗಡಿನ ಫಲಕದ ಮೇಲೇ ಬಿದ್ದಿದೆ.

ಆ ಕೆಲಸ ಸಾಗಬೇಕಾದರೆ 80ರ ನಂತರ ನೇರ 40 ಬಾರದೆ ನಡುವೆ 60 ಬರಬೇಕು, ಕಾರಣ ಹೇಳುವ ಶಾಲೆಯದೋ ಕೂಡುರಸ್ತೆಯದೋ ಚಿತ್ರ ಜೊತೆಗಿರಬೇಕು, ಪಾಲಿಕೆಯ ಗಡಿಯಲ್ಲಿ ಸ್ವಾಗತದ ಕಮಾನಿನಷ್ಟೇ ದೊಡ್ಡದಾಗಿ ಅಂಕಿ ಕಾಣಬೇಕು. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಮಿತಿ ಮುಗಿಯಿತೆಂದು ಹೇಳುವ, ಓರೆಗೆರೆ ಎಳೆದ ದುಂಡು ಫಲಕ. ಅದಿಲ್ಲದ ಕಡೆ ನಿಯಮ ಪಾಲಿಸುವ ಹೊಸ ಡ್ರೈವರ್ ಮುಂದಿನ ಊರಿನವರೆಗೂ 40ರಲ್ಲೇ ಹೋಗುತ್ತಾನೆ, ಹಿಂದಿನವರು ಹಾರ್ನು ಹೊಡೆಯುತ್ತ ಎಡಗಡೆಯಿಂದ ನುಗ್ಗುತ್ತಾರೆ.