ಕಡತವಲ್ಲದ ‘ಫೈಲ್’

ಸೂಕ್ಷ್ಮದರ್ಶಕದ ಚಿತ್ರಗಳನ್ನು ಅಳೆಯಲು ಬಳಕೆಯಾಗುವ ಇಮೇಜ್‌ಜೆ ತಂತ್ರಾಂಶಕ್ಕೆ ಯಾರು ಬೇಕಾದರೂ ಜಾವಾ ಭಾಷೆಯಲ್ಲಿ ಪ್ಲಗ್-ಇನ್ ಬರೆದು ಸೇರಿಸಬಹುದು. ಇದು ಅದರ ಹಿರಿಮೆ. ಪ್ಲಗ್-ಇನ್‌ಗೆ ಬೇಕಾದ ಬಣ್ಣದ ಪಟ್ಟಿ, ಮಾದರಿ ಚಿತ್ರಗಳನ್ನೂ ‘ಜಾರ್’ ಎಂಬ ಒಂದೇ ಕಟ್ಟಿನಲ್ಲಿ ಕಳುಹಿಸಬಹುದು.

ಕೊರತೆಯಿರುವುದು ಜಾವಾ ಇಟ್ಟ ಒಂದು ಹೆಸರಿನಲ್ಲಿ. ಯುಆರ್‌ಎಲ್‌ನ ‘ಗೆಟ್‌ಫೈಲ್’ ಕೊಡುವುದು ಕಡತವನ್ನಲ್ಲ, ವಿಳಾಸದ ಒಂದು ತುಣುಕನ್ನು ಮಾತ್ರ. ಬಿಡಿ ಕಡತಗಳಿರುವ ಗಣಕದಲ್ಲಿ ಅದರಿಂದ ಕೆಲಸ ನಡೆದೀತು. ಜಾರ್‌ನೊಳಗಿನ ಚಿತ್ರಕ್ಕೆ ಡಿಸ್ಕಿನಲ್ಲಿ ಸ್ವತಂತ್ರ ಸ್ಥಾನವೇ ಇಲ್ಲ. ಹಾಗಾಗಿ ಬರೆದವರಲ್ಲಿ ಸರಿಬಂದ ಅಳತೆ ಇನ್ನೊಂದು ಪ್ರಯೋಗಾಲಯದಲ್ಲಿ ನಿಂತುಹೋಗುತ್ತದೆ. ಮತ್ತೊಬ್ಬರು ಪರೀಕ್ಷಿಸಲಾಗದ ಫಲಿತಾಂಶಕ್ಕೆ ವಿಜ್ಞಾನದಲ್ಲಿ ಬೆಲೆಯಿಲ್ಲ.

‘ಗೆಟ್‌ರಿಸೋರ್ಸ್‌ಆ್ಯಸ್‌ಸ್ಟ್ರೀಮ್’ ಎರಡೂ ಕಡೆ ದತ್ತಾಂಶವನ್ನು ನೇರವಾಗಿ ಒದಗಿಸುತ್ತದೆ. ಅಧ್ಯಾಪಕರು ಮೊದಲು ಇದನ್ನೇ ಕಲಿಸಬೇಕು; ಕಟ್ಟಿದ ಜಾರನ್ನು ಬೇರೊಂದು ಗಣಕದಲ್ಲಿ ನಡೆಸಿ ನೋಡದೆ ಯಾರಿಗೂ ಹಂಚಬಾರದು.