ದೀಪವಿಲ್ಲದ ಕಿಟಕಿ

ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಎಂಬ ಚಿಕಣಿ ರೈಲುಲೋಕದಲ್ಲಿ ಒಂದು ಹಗಲು–ರಾತ್ರಿ 15 ನಿಮಿಷಕ್ಕೆ ಮುಗಿಯುತ್ತದೆ. 1:87 ಅಳತೆಯ ಮನೆಗಳಲ್ಲಿ ಎಲ್‌ಇಡಿಗಳು ಹೊತ್ತಿಕೊಂಡ ಕೂಡಲೇ ಒಳಗೆ ಯಾರೋ ಇದ್ದಾರೆಂದು ನಮಗನಿಸುತ್ತದೆ. ಚಿಕಣಿ ಊರಿನಲ್ಲಿ ದೀಪವೆಂದರೆ ಮನುಷ್ಯನ ಇರವು.

ಆದರೆ ಹವ್ಯಾಸಿಗಳು ಕಟ್ಟುವ ಹಲವು ಊರುಗಳು ಬೆಳಕು ಹೆಚ್ಚಾಗಿಯೇ ಸೋಲುತ್ತವೆ. 12 ವೋಲ್ಟ್ ಸರಬರಾಜಿಗೆ 3 ವೋಲ್ಟಿನ ಬಿಳಿ ಎಲ್‌ಇಡಿಯೊಂದನ್ನು 450 ಓಮ್ ರೋಧಕದ ಜೊತೆ ಜೋಡಿಸಿದರೆ 20 ಮಿಲಿಆಂಪಿಯರ್ ಹರಿಯುತ್ತದೆ. ದೀಪ ಅದನ್ನು ತಾಳುತ್ತದೆ, ಮನೆ ತಾಳುವುದಿಲ್ಲ: ಪ್ಲಾಸ್ಟಿಕ್ ಗೋಡೆಯೇ ಲಾಂದ್ರದಂತೆ ಹೊಳೆಯುತ್ತದೆ. ಒಳಮೈಗೆ ಕಪ್ಪು ಬಳಿದು 4,700 ಓಮ್ ರೋಧಕ ಹಾಕಿದರೆ ಸುಮಾರು 2 ಮಿಲಿಆಂಪಿಯರ್, ಕಿಟಕಿ ಕಿಟಕಿಯಾಗುತ್ತದೆ.

ಇನ್ನೊಂದು ತೊಡಕು ಬಣ್ಣದ್ದು. ಹವ್ಯಾಸಿಗಳು ಮೆಚ್ಚುವ 'ವಾರ್ಮ್ ವೈಟ್', ಅಂದರೆ 2,700ರಿಂದ 3,000 ಕೆಲ್ವಿನ್‌ನ ಹಳದಿ, ಹಳೆಯ ತಂತಿಬಲ್ಬಿನ ನೆನಪು. ಹೊಸಪೇಟೆ–ಕೊಟ್ಟೂರು ಹಳಿಯ ಪಕ್ಕದ ಹಗರಿಬೊಮ್ಮನಹಳ್ಳಿಯನ್ನು ಪೂರ್ತಿ ಈ ಹಳದಿಯಲ್ಲಿ ತೋಯಿಸಿದರೆ ಅದು ಬವೇರಿಯಾದ ಊರಾಗುತ್ತದೆ. ನಮ್ಮ ಸಂಜೆಗೆ ಕಿರಾಣಿ ಅಂಗಡಿಯ ಟ್ಯೂಬ್‌ಲೈಟಿನ ತಣ್ಣನೆಯ ಬಿಳಿ ಬೇಕು, ದೇವರ ಗೂಡಿನ ಕೆಂಪುಹಳದಿ ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಕತ್ತಲು ಬೇಕು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಿಂದ ಜನ ಗುಳೆ ಹೋಗುತ್ತಾರೆ. ಬೀಗ ಬಿದ್ದ ಮನೆಗಳು ತಿಂಗಳುಗಟ್ಟಲೆ ದೀಪ ಕಾಣುವುದಿಲ್ಲ. ರೈಲೇ ಇಲ್ಲದ, ಹೊಳೆದಂಡೆಯ ಮಾಗಳದಂಥ ಊರನ್ನು ಮೇಜಿನ ಮೇಲೆ ಕಟ್ಟುವವರು ಪ್ರತಿ ಕಿಟಕಿಗೂ ತಂತಿ ಎಳೆದರೆ ಹೋದವರನ್ನು ಮರೆತಂತೆ. ಹತ್ತು ಮನೆಗಳಲ್ಲಿ ಮೂರನ್ನು ಹಾಗೇ ಬಿಡಲಿ. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ.